ಅಚ್ಚಿಗಿಂತ ಮೊದಲು ದಾರ

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸಗಳ ಪಟ್ಟಿಯನ್ನು ಯಾರು ಬರೆದರೂ ಅದರಲ್ಲಿ ಮೇಣದ ಬತ್ತಿಗೆ ಒಂದು ಜಾಗ ಇದ್ದೇ ಇರುತ್ತದೆ. ಹಪ್ಪಳ, ಶಾವಿಗೆ, ಊದಿನಕಡ್ಡಿ, ಹೊಲಿಗೆಯ ಸಾಲಿನಲ್ಲಿ ಅದೂ ಬರುತ್ತದೆ. ಬಂಡವಾಳ ಕಡಿಮೆ ಸಾಕು, ಒಲೆ ಪಾತ್ರೆ ಮನೆಯಲ್ಲೇ ಇವೆ, ಮೇಣ ಕರಗಿಸಿ ಅಚ್ಚಿಗೆ ಹೊಯ್ದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಇದಕ್ಕೆ ಕಾರಣ. ಯಾದಗಿರಿ, ಶಹಾಪುರ, ಸುರಪುರದ ಯಾವುದೋ ಸ್ವಸಹಾಯ ಸಂಘದ ಮಹಿಳೆಯರಾಗಲಿ, ರಜೆಯಲ್ಲಿ ಹೊಸದೇನಾದರೂ ಕಲಿಯಬೇಕೆನ್ನುವ ಕಾಲೇಜು ಮಕ್ಕಳಾಗಲಿ, ಈ ಕೆಲಸಕ್ಕೆ ಕೈ ಹಾಕಿದರೆ ಮೊದಲು ಅಚ್ಚು ಕೊಳ್ಳುತ್ತಾರೆ, ಆಮೇಲೆ ಬಣ್ಣ, ಆಮೇಲೆ ಸುವಾಸನೆಯ ಎಣ್ಣೆ. ಒಳಗೆ ಹೋಗುವ ದಾರದ ಬಗ್ಗೆ ಯೋಚನೆ ಬರುವುದು ಕಟ್ಟಕಡೆಗೆ. ಕೈಗೆ ಸಿಕ್ಕ ನೂಲು ಸಾಕು ಎನ್ನುವಷ್ಟರ ಮಟ್ಟಿಗೆ. ಈ ಕ್ರಮ ತಲೆಕೆಳಗಾಗಿದೆ. ಮೇಣದ ಬತ್ತಿ ಚೆನ್ನಾಗಿ ಉರಿಯುತ್ತದೋ ಇಲ್ಲವೋ ಎಂಬುದನ್ನು ಎರಡೇ ಸಂಗತಿಗಳು ತೀರ್ಮಾನಿಸುತ್ತವೆ: ದಾರದ ದಪ್ಪ ಮತ್ತು ಮೇಣ ಕರಗುವ ಉಷ್ಣಾಂಶ. ಹೊಸಬರು ಕಲಿಕೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಂತೂ ಇದನ್ನು ಬಿಟ್ಟರೆ ಗತಿಯಿಲ್ಲ.

ಹಾಗೇಕೆ ಎಂದು ತಿಳಿಯಲು ಜ್ವಾಲೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ದಾರ ಉರಿಯುತ್ತಿದೆ, ಮೇಣ ಅದನ್ನು ಹಿಡಿದು ನಿಲ್ಲಿಸಿದೆ ಎಂದು ನಮಗೆ ಅನಿಸುತ್ತದೆ. ನಿಜವಾಗಿ ಉರಿಯುವುದು ಮೇಣ, ಅದೂ ಆವಿಯ ರೂಪದಲ್ಲಿ. ಜ್ವಾಲೆಯ ಕಾವಿಗೆ ದಾರದ ಬುಡದಲ್ಲಿ ಮೇಣ ಕರಗಿ ಸಣ್ಣ ಹೊಂಡವಾಗುತ್ತದೆ. ಆ ದ್ರವವನ್ನು ಹತ್ತಿಯ ಎಳೆಗಳು ಮೇಲಕ್ಕೆ ಹೀರುತ್ತವೆ, ತುದಿ ತಲುಪಿದ ಮೇಣ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಬತ್ತಿ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿದರೆ, ದಾರವನ್ನು ಮುಟ್ಟದೆಯೇ ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಹೊಗೆ ಮೇಣದ ಆವಿಯೇ ಎಂಬುದಕ್ಕೆ ಇದಕ್ಕಿಂತ ಸುಲಭದ ಪುರಾವೆ ಇಲ್ಲ. ವಿಜ್ಞಾನಿ ಮೈಕಲ್ ಫ್ಯಾರಡೆ 1860ರ ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸಗಳನ್ನು ಮೇಣದ ಬತ್ತಿಯೊಂದರ ಮೇಲೆಯೇ ಕೊಟ್ಟರು. ಮರುವರ್ಷ ಅವು ಪುಸ್ತಕವಾದವು. ಒಂದು ಬತ್ತಿಯೊಳಗೆ ಅಷ್ಟೊಂದು ರಸಾಯನಶಾಸ್ತ್ರವಿದೆ. ನಮ್ಮ ಕೆಲಸಕ್ಕೆ ಅದರಲ್ಲಿ ಬೇಕಾದದ್ದು ಒಂದೇ ಲೆಕ್ಕ: ದಾರ ಎಷ್ಟು ಮೇಣ ಏರಿಸುತ್ತದೋ ಅಷ್ಟು ಪೂರ್ತಿಯಾಗಿ ಉರಿದು ಹೋಗಬೇಕು. ದಾರ ದಪ್ಪವಾದರೆ ಏರಿದ ಮೇಣಕ್ಕೆ ಗಾಳಿ ಸಾಲದೆ ಮಸಿ ಬರುತ್ತದೆ. ತೆಳುವಾದರೆ ಕರಗಿದ ಮೇಣದಲ್ಲಿ ಜ್ವಾಲೆಯೇ ಮುಳುಗಿ ಆರುತ್ತದೆ.

ಮೇಣದ ಬತ್ತಿಯ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ. ಯುರೋಪಿನ ಬಡವರ ಮನೆಗಳಲ್ಲಿ ಶತಮಾನಗಳ ಕಾಲ ಉರಿದದ್ದು ಪ್ರಾಣಿಗಳ ಕೊಬ್ಬಿನ ಬತ್ತಿ. ಅದು ಹೊಗೆ ಉಗುಳುತ್ತಿತ್ತು, ವಾಸನೆ ಬೀರುತ್ತಿತ್ತು, ಸುಟ್ಟ ದಾರದ ತುದಿಯನ್ನು ಮತ್ತೆ ಮತ್ತೆ ಕತ್ತರಿಸುತ್ತ ಇರಬೇಕಾಗಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಕೊಬ್ಬಿನಿಂದ ಗಟ್ಟಿಯಾದ ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸುವ ದಾರಿ ಕಂಡುಕೊಂಡು, 1825ರಲ್ಲಿ ಅದರಿಂದ ಬತ್ತಿ ಮಾಡುವ ವಿಧಾನಕ್ಕೆ ಗೇ ಲುಸಾಕ್ ಜೊತೆಗೂಡಿ ಹಕ್ಕುಪತ್ರ ಪಡೆದರು. ಒಳ್ಳೆಯ ಮೇಣವೇನೋ ಸಿಕ್ಕಿತು, ಆದರೆ ಸುತ್ತಿ ಹೊಸೆದ ಹಳೆಯ ದಾರ ಅದಕ್ಕೆ ಹೊಂದಲಿಲ್ಲ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕಾಂಬಾಸೆರೆಸ್ ಎಂಬವರು ಜಡೆಯಂತೆ ಹೆಣೆದ ಹತ್ತಿ ದಾರವನ್ನು ಬಳಕೆಗೆ ತಂದರು. ಹೆಣೆದ ದಾರ ಉರಿಯುತ್ತ ಉರಿಯುತ್ತ ಒಂದು ಪಕ್ಕಕ್ಕೆ ಬಾಗುತ್ತದೆ. ತುದಿ ಜ್ವಾಲೆಯ ಅಂಚಿಗೆ ಬಂದು, ಗಾಳಿ ಸಿಕ್ಕು, ತಾನೇ ಸುಟ್ಟು ಬೂದಿಯಾಗುತ್ತದೆ. ಕತ್ತರಿ ಹಿಡಿದು ಪಕ್ಕದಲ್ಲಿ ಕೂರುವ ಕಷ್ಟ ತಪ್ಪಿದ್ದು ಹೀಗೆ. 1834ರಲ್ಲಿ ಜೋಸೆಫ್ ಮಾರ್ಗನ್ ರೂಪಿಸಿದ ಅಚ್ಚಿನ ಯಂತ್ರ ಬಂದದ್ದು ಇದಾದ ಮೇಲೆ. 1850ರಲ್ಲಿ ಜೇಮ್ಸ್ ಯಂಗ್ ಪ್ಯಾರಾಫಿನ್ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ ನಂತರ ಮೇಣ ಅಗ್ಗವಾಯಿತು. ನಮ್ಮ ದೇಶದಲ್ಲಿ 1901ರಲ್ಲಿ ಶುರುವಾದ ಅಸ್ಸಾಮಿನ ದಿಗ್ಬೋಯ್ ತೈಲ ಸಂಸ್ಕರಣಾಗಾರ ಮೇಣಕ್ಕೂ ಹೆಸರು ಮಾಡಿತು. ದಾರ ಸರಿಹೋದ ಮೇಲೆಯೇ ಅಚ್ಚಿಗೆ ಬೆಲೆ ಬಂತು. ಮನೆಯ ಕಲಿಕೆಗೂ ಈ ಕ್ರಮವೇ ಸರಿ.

ಹತ್ತಿ ಬೆಳೆಯುವ ಜಿಲ್ಲೆಯವರಿಗೆ ದಾರ ಹೊಸ ವಸ್ತುವಲ್ಲ. ದೇವರ ಮುಂದಿನ ಹೂಬತ್ತಿ, ಉದ್ದಬತ್ತಿ ಹೊಸೆಯುವುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಔಡಲೆಣ್ಣೆ, ಕುಸುಬಿ ಎಣ್ಣೆಯ ದೀಪದಲ್ಲಿ ಹತ್ತಿ ಎಣ್ಣೆಯನ್ನು ಹೀರುವ ತತ್ವವೇ ಮೇಣದ ಬತ್ತಿಯದ್ದೂ. ಆದರೆ ಎಣ್ಣೆಗೆ ಒಪ್ಪುವ ಸಡಿಲ ಬತ್ತಿ ಮೇಣಕ್ಕೆ ಒಪ್ಪುವುದಿಲ್ಲ; ಅದು ನೆಟ್ಟಗೆ ನಿಲ್ಲುವುದಿಲ್ಲ, ಏರುವ ಮೇಣಕ್ಕೆ ಹದವೂ ಇರುವುದಿಲ್ಲ. ಅಪ್ಪಟ ಹತ್ತಿಯ ನೂಲನ್ನು ಮೂರೆಳೆ ಜಡೆ ಹಾಕಿ ಬಿಗಿಯಾಗಿ ಹೆಣೆಯಬೇಕು. ನೂಲು ಅಪ್ಪಟವೋ ಅಲ್ಲವೋ ತಿಳಿಯಲು ತುದಿ ಸುಟ್ಟು ನೋಡಿದರೆ ಸಾಕು: ಹತ್ತಿಯಾದರೆ ಬೂದಿ, ಕೃತಕ ನೂಲಾದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಒಂದೂವರೆ ಕಪ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಳಿಗಾರ ಕರಗಿಸಿ ದಾರವನ್ನು ರಾತ್ರಿಯಿಡೀ ನೆನೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿದರೆ ಅದು ನಿಧಾನವಾಗಿ ಉರಿಯುತ್ತದೆ, ಬೂದಿಯೂ ಕಡಿಮೆ. ಬಿಳಿಗಾರ ಹೊಟ್ಟೆಗೆ ಹೋಗಬಾರದ್ದು. ಆ ಪಾತ್ರೆ, ಚಮಚವನ್ನು ಅಡುಗೆಗೆ ಮತ್ತೆ ಬಳಸಬಾರದು. ಒಣಗಿದ ದಾರವನ್ನು ಕರಗಿದ ಮೇಣದಲ್ಲಿ ಅದ್ದಿ, ನೀಳವಾಗಿ ಎಳೆದು ಆರಿಸಿದರೆ ಕಡ್ಡಿಯಂತೆ ನೆಟ್ಟಗಾಗುತ್ತದೆ. ಪೇಟೆಯಲ್ಲಿ ಸಿದ್ಧ ದಾರವೂ ಸಿಗುತ್ತದೆ. ಒಳಗೆ ಲೋಹದ ತಂತಿಯಿದ್ದು ಅದು ಯಾವ ಲೋಹವೆಂದು ತಿಳಿಯದಿದ್ದರೆ ಕೊಳ್ಳಬಾರದು. ಸೀಸದ ತಂತಿಯ ದಾರವನ್ನು ಅಮೆರಿಕ 2003ರಲ್ಲೇ ನಿಷೇಧಿಸಿದೆ.

ಎರಡನೆಯ ಸಂಗತಿ ಉಷ್ಣಾಂಶ, ಮತ್ತು ಇಲ್ಲಿ ಯಾದಗಿರಿಯ ಪಾಠ ಬೇರೆ ಊರಿನ ಪಾಠಕ್ಕಿಂತ ಭಿನ್ನ. ತಂಪು ದೇಶಗಳವರು ತೋರಿಸಿಕೊಡುವ ವಿಡಿಯೋಗಳಲ್ಲಿ ಸೋಯಾ ಮೇಣಕ್ಕೆ ಬಹಳ ಹೊಗಳಿಕೆ ಇರುತ್ತದೆ. ಪಾತ್ರೆಯಲ್ಲಿ ಹೊಯ್ಯುವ ಸೋಯಾ ಮೇಣ ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ನೆರಳಿನಲ್ಲೇ 40 ಡಿಗ್ರಿ ದಾಟುವಾಗ ಪತ್ರಾಸಿನ ಮಾಡಿನ ಕೆಳಗೆ, ನಿಲ್ಲಿಸಿದ ಟಂಟಂ ಗಾಡಿಯೊಳಗೆ ಕಾವು ಇನ್ನೂ ಹೆಚ್ಚು. ಮೇಣ ಪೂರ್ತಿ ಕರಗುವುದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ; ನಿಂತ ಬತ್ತಿ ಬಾಗುತ್ತದೆ, ಒಂದರ ಮೇಲೊಂದು ಇಟ್ಟವು ಅಂಟಿಕೊಳ್ಳುತ್ತವೆ. ಆದ್ದರಿಂದ ಇಲ್ಲಿ ನಿಂತು ಉರಿಯುವ ಬತ್ತಿ ಮಾಡುವವರು 58ರಿಂದ 60 ಡಿಗ್ರಿಗೆ ಕರಗುವ, ಚೆನ್ನಾಗಿ ಸಂಸ್ಕರಿಸಿದ ಪ್ಯಾರಾಫಿನ್ ಅನ್ನೇ ಕೇಳಿ ಪಡೆಯಬೇಕು. ಅದಕ್ಕೆ ಕಿಲೋಗೆ 50ರಿಂದ 100 ಗ್ರಾಂ ಸ್ಟಿಯರಿಕ್ ಆಮ್ಲ ಬೆರೆಸಿದರೆ ಬತ್ತಿ ಗಟ್ಟಿಯಾಗುತ್ತದೆ, ಬಿಳುಪು ಏರುತ್ತದೆ, ಅಚ್ಚಿನಿಂದ ಸಲೀಸಾಗಿ ಕಳಚುತ್ತದೆ. ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಿಂಗಳುಗಳು ಒಳ್ಳೆಯವು. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಬೆಳಗಿನ ಜಾವ ಒಲೆ ಹಚ್ಚಬೇಕು, ಮಾಡಿದ ಮಾಲನ್ನು ಶಹಾಬಾದ್ ಪರ್ಸಿಯ ತಂಪು ನೆಲದ ಮೇಲೆ ಒಂದೇ ಪದರವಾಗಿ ಮಲಗಿಸಿ ಇಡಬೇಕು.

ಇದೇ ಕಾರಣಕ್ಕೆ ಮೊದಲ ಪಾಠಕ್ಕೆ ನಿಂತ ಬತ್ತಿಗಿಂತ ಮಣ್ಣಿನ ಪಣತಿಯೋ ಸಣ್ಣ ಸ್ಟೀಲ್ ಬಟ್ಟಲೋ ಸೂಕ್ತ. ಪಣತಿಯಲ್ಲಿ ಹೊಯ್ದ ಮೇಣ ಬಿಸಿಲಿಗೆ ಮೆತ್ತಗಾದರೂ ಆಕಾರ ಕೆಡುವುದಿಲ್ಲ, ಅಚ್ಚಿನ ಖರ್ಚಿಲ್ಲ, ಊರಿನ ಕುಂಬಾರರಿಗೂ ನಾಲ್ಕು ಕಾಸು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಾರದ ಗುಣ ಇಲ್ಲಿ ಕಣ್ಣೆದುರೇ ಕಾಣುತ್ತದೆ: ಸರಿಯಾದ ದಾರ ಅಂಚಿನವರೆಗೆ ಮೇಣ ಕರಗಿಸುತ್ತದೆ, ತೆಳು ದಾರ ನಡುವೆ ಬಾವಿ ತೋಡಿ ಸುತ್ತಲಿನ ಮೇಣವನ್ನು ಹಾಗೇ ಬಿಡುತ್ತದೆ. ದಾರದ ಬುಡಕ್ಕೆ ತಗಡಿನ ಸಣ್ಣ ಬಿಲ್ಲೆ ಸಿಕ್ಕಿಸಿದರೆ ಅದು ಕೊನೆಯವರೆಗೂ ನೆಟ್ಟಗೆ ನಿಲ್ಲುತ್ತದೆ. ಸುಟ್ಟ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಮೇಣ ತಳದಲ್ಲಿ ಜಿನುಗಬಹುದು. ಕೆಳಗೆ ತಟ್ಟೆ ಇಡದೆ ಹಚ್ಚಬಾರದು. ತೆಳು ಗಾಜಿನ ಲೋಟ ಕಾವಿಗೆ ಸೀಳುತ್ತದೆ, ಪ್ಲಾಸ್ಟಿಕ್ ಡಬ್ಬಿಯಂತೂ ಬೇಡವೇ ಬೇಡ.

ಕರಗಿಸುವ ಹಂತದಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಮೇಣ ನೀರಿನ ಹಾಗೆ ಕುದಿದು ಸೂಚನೆ ಕೊಡುವುದಿಲ್ಲ. ಸುಮ್ಮನೆ ಕಾಯುತ್ತ ಹೋಗಿ, ಸುಮಾರು 200 ಡಿಗ್ರಿ ದಾಟಿದ ಮೇಲೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬೋಗುಣಿಯನ್ನು ನೇರವಾಗಿ ಒಲೆಯ ಮೇಲೆ ಇಡಬಾರದು. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಹಿಡಿಕೆಯಿರುವ ಸ್ಟೀಲ್ ಜಗ್ಗಿನಲ್ಲಿ ಮೇಣ ಇಟ್ಟರೆ ನೀರು ಇರುವವರೆಗೂ ಕಾವು 100 ಡಿಗ್ರಿ ಮೀರುವುದಿಲ್ಲ. ನೀರು ಬತ್ತದಂತೆ ನೋಡಿಕೊಳ್ಳಬೇಕು, ಒಲೆ ಬಿಟ್ಟು ಹೋಗಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಸಡಿಲ ಸೆರಗನ್ನು ಸಿಕ್ಕಿಸಿಕೊಳ್ಳಬೇಕು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯುವುದು ದೊಡ್ಡ ಅನಾಹುತ: ನೀರು ಒಮ್ಮೆಲೇ ಉಗಿಯಾಗಿ ಉರಿಯುವ ಮೇಣವನ್ನು ಸುತ್ತೆಲ್ಲ ಚಿಮ್ಮಿಸುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಬೇಕು. ಪಕ್ಕದಲ್ಲಿ ಒಂದು ಬುಟ್ಟಿ ಒಣ ಉಸುಕು ಇರಬೇಕು. ಮೈಮೇಲೆ ಬಿಸಿ ಮೇಣ ಬಿದ್ದರೆ ಕೀಳಲು ಹೋಗದೆ ತಣ್ಣೀರಿನ ಧಾರೆಯ ಕೆಳಗೆ ಹಿಡಿಯಬೇಕು. ಉಳಿದ ಮೇಣವನ್ನು ಬಚ್ಚಲಿಗೆ ಚೆಲ್ಲಿದರೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟಿಯಾಗಲು ಬಿಟ್ಟು ಮುಂದಿನ ಬಾರಿಗೆ ಇಟ್ಟುಕೊಳ್ಳುವುದು ಲೇಸು.

ಅಡುಗೆಗೆ ಬಳಸದ ಒಂದು ಥರ್ಮಾಮೀಟರ್ ಮತ್ತು ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಇವೆರಡನ್ನು ಅಚ್ಚಿಗಿಂತ ಮೊದಲೇ ಕೊಳ್ಳಬೇಕು. ಮೇಣ 80 ಡಿಗ್ರಿಯ ಸುತ್ತಮುತ್ತ ಇರುವಾಗ ಒಲೆಯಿಂದ ಇಳಿಸಿ, 70ರಿಂದ 75 ಡಿಗ್ರಿಗೆ ಬಂದಾಗ ಹೊಯ್ದರೆ ಹದ ಸರಿಯಾಗಿರುತ್ತದೆ. ಅಲ್ಯೂಮಿನಿಯಂ ಅಚ್ಚಾದರೆ ಒಳಗೆ ಎಣ್ಣೆಯ ತೆಳು ಪಸೆ ಸವರಿ, ದಾರವನ್ನು ನಡುಮಧ್ಯೆ ಬಿಗಿಯಾಗಿ ಕಟ್ಟಿರಬೇಕು. ಗಟ್ಟಿಯಾಗುವಾಗ ಪ್ಯಾರಾಫಿನ್ ತನ್ನ ಗಾತ್ರದಲ್ಲಿ ಸುಮಾರು ಹತ್ತನೇ ಒಂದು ಭಾಗ ಕುಗ್ಗುತ್ತದೆ, ಅದರಿಂದ ದಾರದ ಸುತ್ತ ಕುಳಿ ಬೀಳುತ್ತದೆ. ಮೇಲ್ಪದರ ಹೆಪ್ಪುಗಟ್ಟಿದ ಮೇಲೆ ಕಡ್ಡಿಯಿಂದ ಚುಚ್ಚಿ, ಉಳಿಸಿಕೊಂಡ ಮೇಣವನ್ನು ಎರಡನೇ ಸಲ ಹೊಯ್ಯಬೇಕು. ಇದನ್ನು ಮಾಡದ ಬತ್ತಿ ಹೊರಗೆ ಚೆಂದ ಕಂಡರೂ ಒಳಗೆ ಪೊಳ್ಳು. ಉರಿಯುತ್ತ ಆ ಪೊಳ್ಳಿಗೆ ಬಂದಾಗ ಮೇಣವೆಲ್ಲ ಅದರೊಳಗೆ ಇಳಿದು ಜ್ವಾಲೆ ತತ್ತರಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಅಚ್ಚು ಬೇಗ ಆರುವುದಿಲ್ಲ, ಮೇಣ ಸಾಕಷ್ಟು ಕುಗ್ಗದೆ ಗೋಡೆಗೆ ಅಂಟಿಯೇ ಇರುತ್ತದೆ. ಒಳಗೆ ನೀರು ಹೋಗದಂತೆ ಅಚ್ಚನ್ನು ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಸಾಕು. ಅವಸರಪಟ್ಟು ಫ್ರೀಜರಿಗೆ ಇಟ್ಟರೆ ಬಿರುಕು ಬಿಡುತ್ತದೆ.

ಬಣ್ಣ, ಸುವಾಸನೆಯನ್ನು ಇಷ್ಟು ತಡವಾಗಿ ಪ್ರಸ್ತಾಪಿಸಲು ಕಾರಣವಿದೆ: ಅವೆರಡೂ ದಾರದ ಕೆಲಸಕ್ಕೆ ಅಡ್ಡ ಬರುತ್ತವೆ. ಅರಿಶಿನ, ಕುಂಕುಮ, ರಂಗೋಲಿ ಪುಡಿ ಮೇಣದಲ್ಲಿ ಕರಗುವುದಿಲ್ಲ. ಕಣಗಳು ಮೇಣದ ಜೊತೆ ಏರಿ ದಾರದ ಸಂದುಗಳಲ್ಲಿ ಕೂತು ಹೀರುವಿಕೆಯನ್ನೇ ನಿಲ್ಲಿಸುತ್ತವೆ. ಮಕ್ಕಳ ಕ್ರೇಯಾನ್ ತುಂಡುಗಳದ್ದೂ ಅದೇ ಕಥೆ. ಮೇಣದಲ್ಲಿ ಕರಗುವ ಬಣ್ಣವನ್ನೇ ತರಬೇಕು, ಅದೂ ಚಿಟಿಕೆಯಷ್ಟು. ಸುವಾಸನೆಯ ಎಣ್ಣೆ ಮೇಣದ ತೂಕದ ನೂರಕ್ಕೆ ಮೂರರಿಂದ ಆರು ಭಾಗ ಸಾಕು. ಹೆಚ್ಚಾದರೆ ಮೇಣ ಬೆವರುತ್ತದೆ, ಮಸಿ ಏರುತ್ತದೆ. ಮೈಗೆ ಹಾಕುವ ಸ್ಪ್ರೇ ಸೆಂಟಿನಲ್ಲಿ ಬೇಗ ಹೊತ್ತುವ ಆಲ್ಕೊಹಾಲ್ ಇರುವುದರಿಂದ ಅದನ್ನು ಬಿಸಿ ಮೇಣದ ಹತ್ತಿರವೂ ತರಬಾರದು. ಬಿಳಿ ಬತ್ತಿ ಸರಿಯಾಗಿ ಉರಿಯುವುದನ್ನು ಸಾಧಿಸಿದವರಿಗೆ ಮಾತ್ರ, ಬಣ್ಣ ಸೇರಿಸಿದ ಮೇಲೆ ಏನು ಬದಲಾಯಿತು ಎಂಬುದು ತಿಳಿಯುತ್ತದೆ.

ಸಾಧಿಸಿದ್ದೇವೆಂದು ತಿಳಿಯುವುದು ಹೇಗೆ? ಒಂದೇ ಮೇಣ, ಒಂದೇ ಗಾತ್ರದ ಪಣತಿ, ದಾರ ಮಾತ್ರ ಬೇರೆ ಬೇರೆ ದಪ್ಪದ್ದು. ಹೀಗೆ ನಾಲ್ಕೈದು ಮಾಡಿ, ಗಾಳಿ ಆಡದ ಕೋಣೆಯಲ್ಲಿ ಸಾಲಾಗಿ ಹಚ್ಚಬೇಕು. ದಾರದ ತುದಿ ಸುಮಾರು ಆರು ಮಿಲಿಮೀಟರ್ ಮಾತ್ರ ಮೇಲಿರಲಿ. ಹಚ್ಚುವ ಮೊದಲು ತೂಗಿ, ಒಂದು ತಾಸು ಉರಿಸಿ, ಆರಿಸಿ, ಮತ್ತೆ ತೂಗಿ ಬರೆದುಕೊಳ್ಳಬೇಕು. ಸಾಮಾನ್ಯ ಬತ್ತಿ ತಾಸಿಗೆ ಐದರಿಂದ ಏಳೆಂಟು ಗ್ರಾಂ ಮೇಣ ಉರಿಸುತ್ತದೆ. ಅಂದರೆ 60 ಗ್ರಾಂನ ಬತ್ತಿ ಎಂಟರಿಂದ ಹನ್ನೆರಡು ತಾಸು ಬರಬೇಕು. ಅದಕ್ಕಿಂತ ಬೇಗ ಮುಗಿದು ಮಸಿ ಕಾರಿದರೆ ದಾರ ದಪ್ಪ. ಸಣ್ಣ ಜ್ವಾಲೆ ಮೇಣದಲ್ಲಿ ಮುಳುಗಿದರೆ ದಾರ ತೆಳು. ತುದಿಯಲ್ಲಿ ಅಣಬೆಯಂತೆ ಮಸಿ ಗಂಟು ಕಟ್ಟಿದರೆ ದಾರ ದಪ್ಪವೋ ಸುವಾಸನೆ ಹೆಚ್ಚೋ ಎಂದು ಶಂಕಿಸಬೇಕು. ಪಾತ್ರೆಯ ಬತ್ತಿಯಲ್ಲಿ ಬಾಯಿಯ ಅಗಲ ಐದು ಸೆಂಟಿಮೀಟರ್ ಇದ್ದರೆ ಎರಡು ತಾಸಿನೊಳಗೆ ಕರಗಿದ ಮೇಣ ಅಂಚು ಮುಟ್ಟಬೇಕು.

ಕರೆಂಟ್ ಇರುವ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪ ಸಹಜ. ಬೆಳಕಿನ ಲೆಕ್ಕದಲ್ಲಿ ಅದು ಸರಿಯೂ ಹೌದು: ಒಂದು ಮೇಣದ ಬತ್ತಿ ಕೊಡುವುದು ಹನ್ನೆರಡು ಹದಿಮೂರು ಲ್ಯೂಮೆನ್ ಬೆಳಕು, ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಅದರ ಅರವತ್ತು ಎಪ್ಪತ್ತು ಪಟ್ಟು ಕೊಡುತ್ತದೆ. ಬತ್ತಿಯ ಶಕ್ತಿಯಲ್ಲಿ ಬಹುಪಾಲು ಕಾವಾಗಿ ಹೋಗುತ್ತದೆ. ಜೆಸ್ಕಾಂ ಲೈನು ಹೋದಾಗ ಈಗ ಹೆಚ್ಚಿನವರ ಕೈ ಮೊದಲು ಮೊಬೈಲಿನ ಟಾರ್ಚಿಗೇ ಹೋಗುತ್ತದೆ. ಆದರೂ ದೀಪಾವಳಿಯ ಸಾಲುದೀಪಕ್ಕೆ, ಚರ್ಚಿನ ಕ್ರಿಸ್‌ಮಸ್ ಪ್ರಾರ್ಥನೆಗೆ, ಮಕ್ಕಳ ಹುಟ್ಟುಹಬ್ಬಕ್ಕೆ, ಅಗಲಿದವರ ನೆನಪಿನ ಮೆರವಣಿಗೆಗೆ ಬತ್ತಿ ಬೇಕೇ ಬೇಕು. ಬೆಳಕಿನ ಸಾಧನವಾಗಿ ಅದರ ಕಾಲ ಮುಗಿದಿರಬಹುದು. ಆಚರಣೆಯ ವಸ್ತುವಾಗಿ ಮುಗಿದಿಲ್ಲ. ಆಚರಣೆಯ ಬತ್ತಿ ನಡುವೆ ಆರಿದರೆ, ಹೊಸ ಸುಣ್ಣದ ಗೋಡೆಗೆ ಮಸಿ ಹಿಡಿಸಿದರೆ ಕೊಂಡವರು ಮತ್ತೆ ಬರುವುದಿಲ್ಲ. ಹೀಗಾಗಿ ಬೇಡಿಕೆ ಕಡಿಮೆಯಾದಷ್ಟೂ ಗುಣಕ್ಕೆ ತೂಕ ಹೆಚ್ಚು.

ಪ್ಯಾರಾಫಿನ್ ಕಚ್ಚಾ ತೈಲದ ಕೂಸು, ಅದರ ಹೊಗೆ ಕೆಟ್ಟದ್ದು, ಜೇನುಮೇಣ ಬಳಸಿ ಎನ್ನುವವರೂ ಇದ್ದಾರೆ. ಜೇನುಮೇಣ ನಿಜಕ್ಕೂ ಉತ್ತಮ. 62ರಿಂದ 64 ಡಿಗ್ರಿಯವರೆಗೆ ಗಟ್ಟಿಯಾಗಿರುವುದರಿಂದ ನಮ್ಮ ಬಿಸಿಲಿಗೂ ಒಗ್ಗುತ್ತದೆ. ಆದರೆ ಬೆಲೆ ಪ್ಯಾರಾಫಿನ್ನಿನ ಹಲವು ಪಟ್ಟು, ಹೆಚ್ಚು ಸಿಗುವುದು ಕೊಡಗು, ಮಲೆನಾಡಿನ ಕಡೆ. ಕಲಿಯುವಾಗ ಕೆಡುವ ಬತ್ತಿಗಳಿಗೆ ಅದನ್ನು ಸುರಿಯುವುದು ಜಾಣತನವಲ್ಲ. ಹೊಗೆಯ ಮಾತಿಗೆ ಬಂದರೆ, ಯಾವ ಮೇಣವಾದರೂ ಪೂರ್ತಿ ಉರಿದಾಗ ಹೊರಬರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಅರೆಬರೆ ಉರಿದಾಗ ಯಾವ ಮೇಣವಾದರೂ ಮಸಿ ಉಗುಳುತ್ತದೆ. ತಪ್ಪು ದಾರ ಹಾಕಿದ ಜೇನುಮೇಣಕ್ಕಿಂತ ಸರಿಯಾದ ದಾರ ಹಾಕಿದ ಶುದ್ಧ ಪ್ಯಾರಾಫಿನ್ ಕೋಣೆಯ ಗಾಳಿಗೆ ಮೇಲು. ಕಿಟಕಿ ತೆರೆದಿಟ್ಟು, ದಮ್ಮು ಇರುವವರ ಹತ್ತಿರ ಹಚ್ಚದೆ ಇದ್ದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ದುಡ್ಡಿನದು: ಕಾರ್ಖಾನೆಯ ಬತ್ತಿ ಕಿರಾಣಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವಾಗ ಮನೆಯ ಬತ್ತಿಯನ್ನು ಯಾರು ಕೊಳ್ಳುತ್ತಾರೆ? ಸಾದಾ ಬಿಳಿ ಬತ್ತಿಯ ಬೆಲೆಯಲ್ಲಿ ಯಂತ್ರದ ಜೊತೆ ಸ್ಪರ್ಧಿಸಲಾಗದು, ಇದನ್ನು ಮುಚ್ಚಿಡದೆ ಹೇಳಬೇಕು. ಪ್ರತಿ ವರ್ಷ ಬೆಂಗಳೂರು, ಮುಂಬಯಿ, ಪುಣೆಗೆ ಗುಳೆ ಹೋಗುವ ಕುಟುಂಬಗಳಿರುವ ಜಿಲ್ಲೆ ಇದು. ಮೇಣದ ಬತ್ತಿ ಗುಳೆಯನ್ನು ತಡೆಯುತ್ತದೆ ಎಂದು ಆಸೆ ಹುಟ್ಟಿಸುವುದು ಅನ್ಯಾಯ. ಆದರೆ ಹಬ್ಬದ ಮುಂಚಿನ ಎರಡು ತಿಂಗಳು ಪೂರಕ ಆದಾಯವಾಗಿ ಅದು ನಿಲ್ಲಬಲ್ಲದು, ಗುಣ ಕಾಯ್ದುಕೊಂಡರೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ದೃಷ್ಟಿ ಕಳೆದುಕೊಂಡ ಭವೇಶ್ ಭಾಟಿಯಾ ಕಟ್ಟಿದ ಸನ್‌ರೈಸ್ ಕ್ಯಾಂಡಲ್ಸ್ ಸಂಸ್ಥೆಯಲ್ಲಿ ಅಂಧರೇ ಬತ್ತಿ ತಯಾರಿಸುತ್ತಾರೆ. ಮಾಡುವವರು ಕಣ್ಣಿನ ಅಂದಾಜನ್ನು ನೆಚ್ಚದೆಯೂ ಪೇಟೆಗೆ ಒಪ್ಪುವ ಬತ್ತಿ ಮಾಡಬಹುದು ಎಂಬುದಕ್ಕೆ ಅದು ಸಾಕ್ಷಿ. ತೂಕ, ಹೊತ್ತು, ಹದ ಇವನ್ನು ಪಾಲಿಸಿದರೆ ಒಂದು ಬತ್ತಿಯ ಹಾಗೆಯೇ ಇನ್ನೊಂದು ಬರುತ್ತದೆ, ಮತ್ತು ವ್ಯಾಪಾರಕ್ಕೆ ಬೇಕಾದದ್ದು ಇದೇ. ಕಿಲೋ ಮೇಣಕ್ಕೆ 60 ಗ್ರಾಂನ ಹದಿನಾರು ಬತ್ತಿ; ಮೇಣ, ದಾರ, ಗ್ಯಾಸ್, ಕೆಟ್ಟುಹೋದ ಮಾಲು, ದುಡಿದ ತಾಸುಗಳ ಕೂಲಿ ಎಲ್ಲ ಕೂಡಿಸಿ ಹದಿನಾರರಿಂದ ಭಾಗಿಸಿದ ಮೇಲೆಯೇ ಬೆಲೆ ಹೇಳಬೇಕು. ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಲಾಭ ಲಾಭವಲ್ಲ.

ಹವ್ಯಾಸಕ್ಕಾಗಿ ನಾಲ್ಕು ಬತ್ತಿ ಮಾಡುವವರಿಗೆ ತಕ್ಕಡಿ, ಥರ್ಮಾಮೀಟರ್, ನೋಟ್‌ಬುಕ್ಕಿನ ಹೊರೆ ಯಾಕೆ ಎಂದು ಕೊನೆಗೆ ಯಾರಾದರೂ ಕೇಳಬಹುದು. ಮನೆಯ ಬತ್ತಿಯೂ ಬೆಂಕಿಯೇ. ಅದನ್ನು ಮಗುವಿನ ಹುಟ್ಟುಹಬ್ಬಕ್ಕೆ, ಅಕ್ಕತಂಗಿಯರಿಗೆ ಉಡುಗೊರೆಯಾಗಿ ಕೊಡುವವರು ಅದು ಹೇಗೆ ಉರಿಯುತ್ತದೆಂದು ತಿಳಿದೇ ಕೊಡಬೇಕು. ಇನ್ನೊಂದು ಲಾಭವೂ ಇದೆ: ಕರಗುವಿಕೆ, ಹೀರುವಿಕೆ, ಆವಿ, ದಹನ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳು ದೊಡ್ಡವರ ಜೊತೆಗಿದ್ದು ಅಳೆದು ನೋಡುವ ಅವಕಾಶ ಇಷ್ಟು ಅಗ್ಗಕ್ಕೆ ಬೇರೆಡೆ ಸಿಗದು. ಆದ್ದರಿಂದ ತರಬೇತಿ ಕೊಡುವವರಿಗೂ ಕಲಿಯುವವರಿಗೂ ಕೇಳಿಕೊಳ್ಳುವುದಿಷ್ಟೇ: ಮೊದಲ ದಿನ ಅಚ್ಚು ಹಂಚಬೇಡಿ, ದಾರ ಹೆಣೆಯಲು ಕಲಿಸಿ. ಎರಡನೇ ದಿನ ಪಣತಿಯಲ್ಲಿ ಹೊಯ್ದು, ಹಚ್ಚಿ, ತೂಗಿ, ಬರೆದಿಡಲು ಹೇಳಿ. ಒಂದು ದಾರ, ಒಂದು ಮೇಣ, ಒಂದು ಗಾತ್ರ ಇವು ಮೂರೂ ಹೊಂದಿಕೊಂಡು ಮಸಿಯಿಲ್ಲದೆ ಕೊನೆಯವರೆಗೆ ಉರಿದ ಮೇಲೆ, ಹೂವಿನ ಆಕಾರದ ಅಚ್ಚನ್ನಾಗಲಿ ಮಲ್ಲಿಗೆಯ ಪರಿಮಳವನ್ನಾಗಲಿ ಧೈರ್ಯವಾಗಿ ತರಬಹುದು.